ಮುಖಕ್ಕೆ ಪ್ರಶಸ್ತಿ, ದನಿಗೆ ಸಂಭಾವನೆ

ಕನ್ನಡ ಸಿನಿಮಾಗಳಲ್ಲಿ ನಾಯಕಿಯರಿಗೆ ದನಿ ಕೊಡುವುದು ನನ್ನ ಕೆಲಸ. ಬೇರೆ ಭಾಷೆಯಿಂದ ಬಂದ ಹುಡುಗಿ ತೆರೆಯ ಮೇಲೆ ಕನ್ನಡದಲ್ಲಿ ಅಳುತ್ತಾಳೆ, ಬೈಯುತ್ತಾಳೆ, ಗಂಡನನ್ನು ‘ರೀ’ ಅಂತ ಕರೆಯುತ್ತಾಳೆ ಅಂದ್ರೆ ಅದು ನಾನೋ ನನ್ನಂಥ ಇನ್ನೊಬ್ಬಳೋ ಆಗಿರುತ್ತೇವೆ. ಪ್ರಶಸ್ತಿ ಪಟ್ಟಿ ಬಂದಾಗಲೆಲ್ಲ ‘ಅವರಿಗೆ ಯಾಕೆ ಬರಲಿಲ್ಲ, ಇವರಿಗೆ ಹೇಗೆ ಬಂತು’ ಅಂತ ಜಗಳ ಶುರುವಾಗುತ್ತೆ. ಆ ಜಗಳದಲ್ಲಿ ನಟನೆಯ ಅರ್ಧ ಭಾಗ, ಅಂದ್ರೆ ಕಿವಿಗೆ ಬೀಳುವ ಭಾಗ, ಯಾರ ಬಾಯಲ್ಲೂ ಬರೋದಿಲ್ಲ.

ನಾನು ಮಾಡಿದ ಒಂದು ಸಿನಿಮಾದ ಕಥೆ ಹೇಳ್ತೀನಿ. ಹೆಸರು ಬೇಡ. ನಾಯಕಿ ಉತ್ತರದವಳು. ಕೆಲವರು ಸೆಟ್‌ನಲ್ಲಿ ಮಾತಿನ ಬದಲು ‘ಒನ್ ಟೂ ತ್ರೀ ಫೋರ್’ ಅಂತ ಎಣಿಸಿಯೇ ಶಾಟ್ ಮುಗಿಸಿಬಿಡ್ತಾರೆ. ಈಕೆ ಹಾಗಲ್ಲ. ಮಾತಿನ ಅರ್ಥ ಕೇಳಿ ತಿಳಿದುಕೊಂಡು, ಹಿಂದಿಯಲ್ಲಿ ಮನಸ್ಸಿಟ್ಟು ಹೇಳಿದ್ದಳು. ಅಡುಗೆಮನೆಯ ದೃಶ್ಯ. ಮೈದುನ ಒಳಗೆ ಬರುತ್ತಾನೆ, ಅವಳು ಹಿಂದಕ್ಕೆ ಸರಿಯುತ್ತಾಳೆ. ನನ್ನ ಕೈಯಲ್ಲಿದ್ದ ಹಾಳೆಯಲ್ಲಿ ‘ನನ್ನ ಹತ್ರ ಬರಬೇಡ’ ಅಂತ ಇತ್ತು. ತೆರೆಯ ಮೇಲೆ ಅವಳು ಹೇಳಿದ್ದು ‘ಮುಝೆ ಮತ್ ಛುವೋ’. ಅದೂ ಕ್ಲೋಸಪ್‌ನಲ್ಲಿ.

ಪ, ಬ, ಮ ಬಂದ ಕಡೆ ತುಟಿ ಮುಚ್ಚಲೇಬೇಕು. ಇದನ್ನು ನೋಡುಗರ ಕಣ್ಣಿಂದ ತಪ್ಪಿಸೋಕೆ ಆಗಲ್ಲ. ಅವಳ ತುಟಿ ಶುರುವಿನಲ್ಲೇ ಮುಚ್ಚುತ್ತೆ, ನಡುವೆ ಇನ್ನೊಮ್ಮೆ ಮುಚ್ಚುತ್ತೆ, ಕೊನೆಗೆ ದುಂಡಗಾಗುತ್ತೆ. ‘ನನ್ನ ಹತ್ರ’ ಅಂತ ಶುರು ಮಾಡಿದರೆ ಬಾಯಿ ಒಂದು ಕಡೆ, ಮಾತು ಒಂದು ಕಡೆ. ಸಂಭಾಷಣೆ ಬರೆದವರು ಅಲ್ಲೇ ಇದ್ದರು. ಇಬ್ಬರೂ ಸೇರಿ ಬದಲಾಯಿಸಿ ಬದಲಾಯಿಸಿ ನೋಡಿದೆವು. ಕೊನೆಗೆ ‘ಮುಟ್ಬೇಡ, ಹೋಗು’ ಕೂತಿತು. ಮು-ಗೆ ಮು, ಮತ್-ಗೆ ಬೇಡ, ಛುವೋ-ಗೆ ಹೋಗು. ಸೌಂಡ್ ಇಂಜಿನಿಯರ್ ಒಳಗಿಂದ ‘ಅಕ್ಕ, ಬಾಯಿಗೆ ಕೂತಿದೆ, ಇನ್ನು ಭಾವ ಕೊಡಿ’ ಅಂದ.

ಕಷ್ಟ ಇರುವುದು ಆಮೇಲೆ. ಮಾತಿಗೆ ಮುಂಚೆ ಅವಳು ಒಮ್ಮೆ ಉಗುಳು ನುಂಗುತ್ತಾಳೆ, ಗಂಟಲು ಆಡೋದು ಕಾಣುತ್ತೆ. ಹಾಗಾಗಿ ನಾನೂ ಮೈಕ್ ಹತ್ತಿರ ಹೋಗಿ ನುಂಗಿದೆ. ಅಳುವಾಗ ಅವಳ ದನಿ ಮೂಗಿಗೆ ಏರಿ ಒಡೆಯುತ್ತಿತ್ತು. ಪೈಲಟ್ ಟ್ರ್ಯಾಕ್‌ನಲ್ಲಿ, ಅಂದ್ರೆ ಶೂಟಿಂಗ್ ವೇಳೆ ಸೆಟ್‌ನಲ್ಲೇ ರೆಕಾರ್ಡ್ ಆದ ದನಿಯಲ್ಲಿ, ಜನರೇಟರ್ ಗದ್ದಲದ ನಡುವೆಯೂ ಅದು ಗೊತ್ತಾಗುತ್ತಿತ್ತು. ಗಲ್ಲವನ್ನು ಎದೆಗೆ ಒತ್ತಿಕೊಂಡರೆ ಹತ್ತಿರ ಹತ್ತಿರ ಅದೇ ದನಿ ಬರುತ್ತೆ. ಎರಡು ಮಾತಿನ ಮಧ್ಯೆ ಬಿಕ್ಕುವಾಗ ಉಸಿರು ಒಳಗೆ ಹೋಗಬೇಕಾ, ಹೊರಗೆ ಬರಬೇಕಾ ಅನ್ನೋದನ್ನ ಅವಳ ಭುಜ ನೋಡಿ ತೀರ್ಮಾನ ಮಾಡಿದೆ. ಕಿರುಚುವ ಲೂಪ್‌ಗಳನ್ನು, ಅಂದ್ರೆ ಡಬ್ಬಿಂಗ್‌ಗೆ ಒಂದೊಂದಾಗಿ ಹಾಕುವ ಆ ತುಣುಕುಗಳನ್ನು, ಮಾತ್ರ ದಿನದ ಕೊನೆಗೆ ಇಟ್ಟುಕೊಂಡೆವು. ಮೊದಲೇ ಕಿರುಚಿಬಿಟ್ಟರೆ ಗಂಟಲು ಕೂತು ಉಳಿದ ಕೆಲಸ ನಿಂತುಹೋಗುತ್ತೆ.

ಆ ಪಾತ್ರಕ್ಕೆ ಒಂದು ಖಾಸಗಿ ಪ್ರಶಸ್ತಿ ಬಂತು. ಅದು ಅವಳಿಗೆ ಬಂದಿದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಆ ಕಣ್ಣು, ಆ ಭುಜ ಇಲ್ಲದಿದ್ದರೆ ನಾನು ಎಲ್ಲಿ ಉಸಿರು ಎಳೆಯಬೇಕು ಅಂತಲೇ ಗೊತ್ತಾಗುತ್ತಿರಲಿಲ್ಲ. ಆದರೆ ವೇದಿಕೆಯಲ್ಲಿ ಓದಿದ ಮೆಚ್ಚುಗೆಯ ಮಾತಿನಲ್ಲಿ ‘ಸಂಭಾಷಣೆ ಒಪ್ಪಿಸಿದ ರೀತಿ’ಯನ್ನೂ ಹೊಗಳಿದ್ದರು. ನಾನು ಮನೆಯಲ್ಲಿ ಟೀವಿ ಮುಂದೆ ಕೂತು ನಕ್ಕೆ. ಮತ್ತೇನು ಮಾಡಲಿ?

ಇದು ಚಿಕ್ಕ ಸಿನಿಮಾದ ಮಾತಾಯ್ತು. ದೊಡ್ಡದನ್ನೇ ನೋಡಿ. 1993ರ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’ಗೆ ಶೋಭನಾ ಅವರಿಗೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಬಂತು. ನಮ್ಮ ‘ಆಪ್ತಮಿತ್ರ’ದ ಮೂಲ ಅದು. ಶೋಭನಾ ಮಾಡಿದ ಗಂಗೆಯ ಪಾತ್ರದ ದನಿ ಡಬ್ಬಿಂಗ್ ಕಲಾವಿದೆ ಭಾಗ್ಯಲಕ್ಷ್ಮಿ ಅವರದು. ಅದೇ ಗಂಗೆ ನಾಗವಲ್ಲಿಯಾಗಿ ಬದಲಾದಾಗ ತಮಿಳಿನಲ್ಲಿ ಅಬ್ಬರಿಸುವ ದನಿ ದುರ್ಗಾ ಎಂಬ ಇನ್ನೊಬ್ಬ ಕಲಾವಿದೆಯದು ಅಂತ ನಿರ್ದೇಶಕ ಫಾಜಿಲ್ ಹೇಳಿದ್ದು ಎರಡು ದಶಕ ಕಳೆದ ಮೇಲೆ. ಶೋಭನಾ ಅವರ ಮುಖ, ನೃತ್ಯ, ಆ ತಿರುಗಿ ನೋಡುವ ನೋಟ ಎಲ್ಲ ಅದ್ಭುತ, ಪ್ರಶಸ್ತಿ ಸರಿಯಾದವರಿಗೇ ಹೋಯಿತು. ಆದರೆ ಜನ ಇವತ್ತಿಗೂ ಅನುಕರಣೆ ಮಾಡೋದು ಆ ಗದರಿಕೆಯನ್ನ ಅಲ್ವಾ?

ನನಗೆ ಅರ್ಥವೇ ಆಗದ ಸಂಗತಿ ಒಂದಿದೆ. ನಾಯಕಿಗಾಗಿ ನಾಲ್ಕು ನಿಮಿಷ ಹಾಡಿದವರಿಗೆ ರಾಷ್ಟ್ರಪ್ರಶಸ್ತಿ ಇದೆ. 1967ರ ಚಿತ್ರಗಳಿಂದ ಹಿನ್ನೆಲೆ ಗಾಯಕರಿಗೆ ಪ್ರಶಸ್ತಿ ಕೊಡುತ್ತಿದ್ದಾರೆ. ಅದೇ ನಾಯಕಿಗಾಗಿ ಎರಡು ಗಂಟೆ ಮಾತಾಡಿದವರಿಗೆ ವಿಭಾಗವೇ ಇಲ್ಲ. ಹಾಡು ಬೇರೆಯವರದು ಅಂತ ಎಲ್ಲರಿಗೂ ಗೊತ್ತು, ಅದರಲ್ಲಿ ಮುಚ್ಚಿಡೋದು ಏನೂ ಇಲ್ಲ. ಮಾತು ಬೇರೆಯವರದು ಅಂದ್ರೆ ಮಾತ್ರ ಏನೋ ಗುಟ್ಟು ಬಯಲಾದ ಹಾಗೆ ಆಡ್ತಾರೆ.

ಡಾ. ರಾಜ್‌ಕುಮಾರ್ ಅವರನ್ನೇ ನೆನೆಸಿಕೊಳ್ಳಿ. ಅಷ್ಟೊಂದು ಪಾತ್ರಗಳು, ಅಂಥ ಕನ್ನಡ ಉಚ್ಚಾರಣೆ. ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಅವರಿಗೆ ಒಮ್ಮೆಯೂ ಬರಲಿಲ್ಲ. ಬಂದಿದ್ದು 1992ರ ‘ಜೀವನ ಚೈತ್ರ’ದ ಹಾಡಿಗೆ, ಗಾಯಕನಾಗಿ. ಆಮೇಲೆ ಫಾಲ್ಕೆ ಪ್ರಶಸ್ತಿ ಬಂತು, ಅದು ಜೀವಮಾನದ ಸಾಧನೆಗೆ. ಆ ದನಿ ಹಾಡಿದಾಗ ದೆಹಲಿಗೆ ಕೇಳಿಸಿತು, ಮಾತಾಡಿದಾಗ ಕೇಳಿಸಲಿಲ್ಲ. ಭಾಷೆ ಗೊತ್ತಿಲ್ಲದ ತೀರ್ಪುಗಾರ ತೆರೆಯ ಕೆಳಗಿನ ಅಕ್ಷರ ಓದುತ್ತಾ ಇರುತ್ತಾನೆ. ‘ಬಂದೆಯಾ’ ಅನ್ನೋದನ್ನ ಒಬ್ಬ ನಟ ಪ್ರೀತಿಯಿಂದ ಹೇಳಿದನೋ ಚುಚ್ಚಿ ಹೇಳಿದನೋ ಅನ್ನೋದು ಅಕ್ಷರದಲ್ಲಿ ಬರಲ್ಲ.

ವಿಭಾಗ ಇಲ್ಲದಿದ್ದರೆ ಎಂಥವರೂ ಕಣ್ಣಿಗೆ ಬೀಳಲ್ಲ. ರಾಷ್ಟ್ರಪ್ರಶಸ್ತಿಯಲ್ಲಿ ಪೋಷಕ ನಟರ ವಿಭಾಗ ಶುರುವಾಗಿದ್ದೇ 1984ರ ಚಿತ್ರಗಳಿಂದ. ಕೆ.ಎಸ್. ಅಶ್ವತ್ಥ್ ‘ನಾಗರಹಾವು’ವಿನ ಚಾಮಯ್ಯ ಮೇಷ್ಟ್ರಾಗಿದ್ದು 1972ರಲ್ಲಿ. ಅವರನ್ನು ಕೈಬಿಟ್ಟರು ಅನ್ನೋದಕ್ಕೂ ಆಗಲ್ಲ, ಕೂರಿಸೋಕೆ ಕುರ್ಚಿಯೇ ಇರಲಿಲ್ಲ.

ಸರಿಯಾಗಿ ಕೇಳಿಸಿಕೊಂಡ ಸಂದರ್ಭಗಳೂ ಇವೆ, ಇಲ್ಲ ಅನ್ನಲ್ಲ. ‘ಗುಲಾಬಿ ಟಾಕೀಸ್’ಗೆ ಉಮಾಶ್ರೀ ಅವರಿಗೆ ಬಂದ ರಾಷ್ಟ್ರಪ್ರಶಸ್ತಿ ಅಂಥದ್ದು. ‘ಒಡಲಾಳ’ ನಾಟಕದ ಸಾಕವ್ವನಾಗಿ ಅವರು ಎಷ್ಟು ಜೋರು ಅನ್ನೋದು ರಂಗಭೂಮಿಯವರಿಗೆಲ್ಲ ಗೊತ್ತು. ಕರಾವಳಿಯ ಸೂಲಗಿತ್ತಿ ಗುಲಾಬಿಯಾಗಿ ಅದೇ ದನಿಯನ್ನು ತಗ್ಗಿಸಿ, ಮಾತು ಕಮ್ಮಿ ಮಾಡಿ ನಡೆಸಿದರು. ಹೊಸಬರು ಬಂದರೆ ಇದನ್ನೇ ನೋಡಲು ಹೇಳ್ತೀನಿ. ಮೊದಲು ಕಣ್ಣು ಮುಚ್ಚಿ ಕೇಳಿ, ಆಮೇಲೆ ಸೌಂಡ್ ತೆಗೆದು ನೋಡಿ ಅಂತ. ಎರಡರಲ್ಲೂ ಪಾತ್ರ ನಿಂತರೆ ಆ ನಟಿ ಪೂರ್ತಿ ಗೆದ್ದಳು ಅಂತ ಅರ್ಥ. ಪ್ರಶಸ್ತಿಯ ತೀರ್ಪುಗಾರರೂ ಒಂದೊಂದು ದೃಶ್ಯವನ್ನಾದರೂ ಹೀಗೆ ಪರೀಕ್ಷೆ ಮಾಡಬಹುದು, ಖರ್ಚೇನೂ ಇಲ್ಲ.

ಈಗ ಯಂತ್ರವೂ ಬಂದಿದೆ. ‘ದಿ ಬ್ರೂಟಲಿಸ್ಟ್’ ಚಿತ್ರದಲ್ಲಿ ಏಡ್ರಿಯನ್ ಬ್ರೋಡಿಯ ಹಂಗೇರಿಯನ್ ಮಾತುಗಳ ಉಚ್ಚಾರಣೆಯನ್ನು ಎಐನಿಂದ ತಿದ್ದಿದ್ದಾಗಿ ಸಂಕಲನಕಾರರೇ ಹೇಳಿದರು. ಸ್ವಲ್ಪ ಗಲಾಟೆ ಆಯ್ತು. 2025ರಲ್ಲಿ ಬ್ರೋಡಿಗೆ ಅತ್ಯುತ್ತಮ ನಟ ಆಸ್ಕರ್ ಬಂದೇ ಬಂತು. ತಿದ್ದಿದ್ದು ಸಿನಿಮಾದ ಸಣ್ಣ ಪಾಲು, ಅದಕ್ಕೆ ಪ್ರಶಸ್ತಿ ತಪ್ಪಿಸಬೇಕಿತ್ತು ಅಂತ ನಾನು ಹೇಳಲ್ಲ. ಆದರೆ ಅಲ್ಲಿ ಕೊನೇಪಕ್ಷ ಪ್ರಶ್ನೆ ಎದ್ದಿತು.

ನಾನು ಕೇಳೋದು ಜಾಸ್ತಿ ಏನಲ್ಲ. ನಟನೆಯ ಪ್ರಶಸ್ತಿಗೆ ಅರ್ಜಿ ಹಾಕುವಾಗ ‘ಈ ಪಾತ್ರದ ದನಿ ಯಾರದು’ ಅಂತ ಒಂದು ಸಾಲು ಇರಲಿ. ಬೇರೆಯವರದಾಗಿದ್ದರೆ ಪ್ರಶಸ್ತಿಯ ಜೊತೆ ಆ ಹೆಸರೂ ಓದಲಿ. ಈಗ ನಾನು ಮಾತುಕತೆಯಲ್ಲೇ ಇದನ್ನು ಎತ್ತುತ್ತೇನೆ, ಸಂಭಾವನೆಗಿಂತ ಮೊದಲು. ಮೊನ್ನೆ ಒಬ್ಬ ಪ್ರೊಡಕ್ಷನ್ ಮ್ಯಾನೇಜರ್ ಫೋನಿನಲ್ಲಿ, ‘ಹೆಸರು ಹಾಕ್ತೀವಿ ಮೇಡಂ, ಕೊನೇಲಿ ಓಡುತ್ತಲ್ಲ, ಅದರಲ್ಲಿ’ ಅಂದರು.

‘ಅಷ್ಟೊತ್ತಿಗೆ ಥಿಯೇಟರ್‌ನವರು ಲೈಟ್ ಹಾಕಿ ಬಾಗಿಲು ತೆಗೆದಿರ್ತಾರೆ ಸಾರ್. ನಾಯಕಿ ಹೆಸರು ಬರುತ್ತಲ್ಲ, ಅದರ ಕೆಳಗೆ ಹಾಕಿ.’

‘ಡೈರೆಕ್ಟರ್‌ನ ಕೇಳಿ ಹೇಳ್ತೀನಿ’ ಅಂದಿದ್ದಾರೆ. ಡಬ್ಬಿಂಗ್ ಮುಂದಿನ ವಾರ ಇದೆ.