ಮಾರಿಯೊ ಮಿರಾಂಡಾ ಅವರ ಶಾಯಿಗೆರೆಯನ್ನು ನೋಡುವ ಬಗೆ

ಬೆಂಗಳೂರಿನ ಸೇಂಟ್ ಜೋಸೆಫ್ಸ್ ಶಾಲೆಯಲ್ಲಿ ಓದಿದ, ಗೋವಾದ ಲೌಟೋಲಿಮ್‌ನಲ್ಲಿ ಬಾಳಿದ ಮಾರಿಯೊ ಮಿರಾಂಡಾ (1926–2011) ಅವರು 'ಇಲ್ಲಸ್ಟ್ರೇಟೆಡ್ ವೀಕ್ಲಿ'ಯಂತಹ ಪತ್ರಿಕೆಗಳಿಗೆ ಬರೆದ ವ್ಯಂಗ್ಯಚಿತ್ರಗಳನ್ನು ನಗು ಬಂದ ಕೂಡಲೇ ಪುಟ ತಿರುವಿ ಬಿಟ್ಟುಬಿಡಬಾರದು.

ಮೊದಲು ಅಡಿಬರಹವನ್ನು ಅಂಗೈಯಿಂದ ಮುಚ್ಚಿ, ಕಣ್ಣನ್ನು ತುಸು ಕಿರಿದು ಮಾಡಿ, ಅಚ್ಚಗಪ್ಪು ಎಲ್ಲೆಲ್ಲಿ ಕುಳಿತಿದೆಯೆಂದು ಗಮನಿಸಿರಿ. ಒಬ್ಬಳ ತಲೆಗೂದಲು, ಪಾದ್ರಿಯ ನಿಲುವಂಗಿ, ತೆರೆದ ಬಾಗಿಲಿನ ಒಳಗತ್ತಲು ಇವೇ ಚಿತ್ರದ ಜನಜಂಗುಳಿಯಲ್ಲಿ ನಮ್ಮ ಕಣ್ಣನ್ನು ಕೈಹಿಡಿದು ನಡೆಸುತ್ತವೆ.

ಆಮೇಲೆ ಭೂತಗನ್ನಡಿ ಹಿಡಿದು ಒಂದೇ ಗೆರೆಯ ಬೆನ್ನು ಹತ್ತಿರಿ. ಮೂಗಿನ ತುದಿಯಲ್ಲಿ ಹೊರಟ ಗೆರೆ ಗಲ್ಲದವರೆಗೆ ತಡವರಿಸದೆ ಇಳಿದಿದ್ದರೆ ಅದು ವರ್ಷಗಳ ಸಾಧನೆಯ ಫಲ. ಶಾಯಿಯಲ್ಲಿ ಎಳೆದದ್ದನ್ನು ರಬ್ಬರಿನಿಂದ ಅಳಿಸಲಾಗುವುದಿಲ್ಲ. ನೆರಳಿಗಾಗಿ ಹೆಣೆದ ಅಡ್ಡ-ಉದ್ದ ಗೆರೆಗಳ ನಡುವಿನ ಬಿಳಿಯನ್ನೂ ನೋಡಿರಿ. ಚಿತ್ರ ಅಚ್ಚಿನಲ್ಲಿ ಕುಗ್ಗಿದಾಗ ಆ ಕಿಂಡಿಗಳು ತೀರ ಕಿರಿದಾಗಿದ್ದರೆ ಶಾಯಿ ತುಂಬಿಕೊಂಡು ಬರೀ ಕಪ್ಪು ಕಲೆಯಾಗುತ್ತದೆ. ಆದ್ದರಿಂದ ಪತ್ರಿಕೆಗೆ ಬರೆಯುವವನು ಗೆರೆಯಷ್ಟೇ ಎಚ್ಚರದಿಂದ ಬಿಳಿಯನ್ನೂ ಉಳಿಸಬೇಕು.

ಕೊನೆಗೆ ಹಿಂದಿನ ಸಾಲಿನ ಮುಖಗಳಿಗೆ ಬನ್ನಿರಿ. ನನ್ನ ಮಟ್ಟಿಗೆ ಮಿರಾಂಡಾ ಅವರ ನಿಜವಾದ ಹಿರಿಮೆ ಇರುವುದು ಅಲ್ಲಿಯೇ. ಬೇರೆಯವರಾದರೆ ಎರಡು ಚುಕ್ಕೆಯಿಟ್ಟು ಮುಗಿಸಬಹುದಾದ ಕಡೆಯಲ್ಲೂ ಅವರು ಒಬ್ಬನಿಗೆ ಮೀಸೆ, ಮತ್ತೊಬ್ಬಳಿಗೆ ಬೇಸರ, ಮೂಲೆಯ ನಾಯಿಗೊಂದು ಕುತೂಹಲವನ್ನು ಕೊಟ್ಟಿರುತ್ತಾರೆ. ಮುಂಬಯಿಯ ಕೊಲಾಬಾಕ್ಕೆ ಹೋದರೆ, ಕೆಫೆ ಮೊಂಡೆಗಾರ್‌ನ ಗೋಡೆಗಳ ಮೇಲೆ ಇಂಥ ಜನಸಂದಣಿಯನ್ನೇ ದೊಡ್ಡ ಅಳತೆಯಲ್ಲಿ, ಭೂತಗನ್ನಡಿಯ ಹಂಗಿಲ್ಲದೆ ನೋಡಬಹುದು.