ಹಳೇ ಜಾಝ್ ಗಿಟಾರ್‌ಗೆ ಹೊಸ ಪಿಕಪ್: ಮೊದಲು ದಾರ ಕಟ್ಟಿ

ನನ್ನ ಗಿಟಾರ್ ಗೋವಾದಿಂದ ಚೋರ್ಲಾ ಘಾಟ್ ಹತ್ತಿ ಬೆಳಗಾವಿಗೆ ಬಂದದ್ದು. ಪಿಟೀಲಿನ ಹಾಗೆ ಉಬ್ಬಿದ ಎದೆ, ಎರಡೂ ಕಡೆ ಎಫ್ ಆಕಾರದ ತೂತು, ಒಳಗೆಲ್ಲ ಟೊಳ್ಳು. ಜಾಝ್ ನುಡಿಸುವವರು ಮನಸೋಲುವುದು ಇಂಥದ್ದಕ್ಕೇ. ಆದರೆ ಆಂಪ್‌ಗೆ ಹಾಕಿದರೆ ಗುಂಯ್ ಅನ್ನುವ ಸದ್ದು, ಅದರ ಮೇಲೆ ಕರಕರ. ಪಿಕಪ್ ಬದಲಿಸಿದೆ, ಅಂದರೆ ತಂತಿಯ ಅದುರನ್ನು ಹಿಡಿದು ಆಂಪ್‌ಗೆ ಕಳಿಸುವ, ಅಯಸ್ಕಾಂತ ಮತ್ತು ಸುರುಳಿಯ ಭಾಗ. ಸರಿಹೋಯಿತು, ಆದರೆ ಎರಡು ರಾತ್ರಿ ನಿದ್ದೆ ಹೋಯಿತು. ನಿಮಗೆ ಒಂದು ಮಧ್ಯಾಹ್ನ ಸಾಕಾಗಲಿ.

ತಪ್ಪು ಪಿಕಪ್‌ನದೇನಾ?

ನಮ್ಮೂರ ಮಳೆ ಗೊತ್ತಲ್ಲ, ಗೋಡೆಯೇ ಬೆವರುತ್ತದೆ. ಪಾಟ್ (ವಾಲ್ಯೂಮ್, ಟೋನ್ ಗುಂಡಿಗಳ ಕೆಳಗಿನ ಭಾಗ), ಜ್ಯಾಕ್ (ಕೇಬಲ್ ಚುಚ್ಚುವ ತೂತು), ಸ್ವಿಚ್‌ಗಳಿಗೆ ಕಿಲುಬು ಹಿಡಿಯದೆ ಇರುತ್ತದಾ? ಗುಂಡಿ ತಿರುಗಿಸಿದಾಗ ಮಾತ್ರ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಇಪ್ಪತ್ತು ಸಲ ತಿರುಗಿಸಿ. ಬಹಳ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ.

ಮುಗಿಯದಿದ್ದರೆ ಮಲ್ಟಿಮೀಟರ್ ತೆಗೆಯಿರಿ. ಗಿಟಾರ್‌ಗೆ ಕೇಬಲ್ ಚುಚ್ಚಿ, ವಾಲ್ಯೂಮ್ ಪೂರ್ತಿ ಏರಿಸಿ, ಕೇಬಲ್‌ನ ಇನ್ನೊಂದು ತುದಿಯಲ್ಲಿ 20 ಕಿಲೋ ಓಮ್ ರೇಂಜಿನಲ್ಲಿ ಅಳೆಯಿರಿ. ಹಂಬಕರ್ (ಎರಡು ಸುರುಳಿಯ ಪಿಕಪ್) ಆದರೆ ಸಾಮಾನ್ಯವಾಗಿ 7ರಿಂದ 9 ಕಿಲೋ ಓಮ್ ಬರುತ್ತದೆ. ಸೊನ್ನೆ ಬಂದರೆ ಎಲ್ಲೋ ಶಾರ್ಟ್. ರೇಂಜ್ ದಾಟಿದರೆ ಸುರುಳಿಯೋ ಸೋಲ್ಡರೋ ಕಡಿದಿದೆ.

ಯಾವುದನ್ನು ಕೊಳ್ಳುವುದು?

ಒಂದೇ ಸುರುಳಿಯ ಪಿಕಪ್, ಸುತ್ತಲಿನ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆಯನ್ನೂ ಎಳೆದುಕೊಳ್ಳುತ್ತದೆ. 1955ರಲ್ಲಿ ಗಿಬ್ಸನ್ ಕಂಪನಿಯ ಸೇತ್ ಲವರ್ ಇದಕ್ಕೆ ಉಪಾಯ ಹುಡುಕಿದರು. ಎರಡು ಸುರುಳಿ, ಒಂದಕ್ಕೊಂದು ಉಲ್ಟಾ ಸುತ್ತು, ಅಯಸ್ಕಾಂತದ ದಿಕ್ಕೂ ಉಲ್ಟಾ. ಗುಂಯ್ ಅನ್ನುವುದು ಒಂದನ್ನೊಂದು ಹೊಡೆದುಹಾಕುತ್ತದೆ, ತಂತಿಯ ದನಿ ಮಾತ್ರ ಕೂಡಿಕೊಳ್ಳುತ್ತದೆ. ಅದೇ ಹಂಬಕರ್.

ಜಾಸ್ತಿ ಪವರ್ ಇರುವುದನ್ನು ತರಬೇಡಿ. ಟೊಳ್ಳು ಗಿಟಾರ್ ಮೊದಲೇ ಆಂಪ್‌ನ ಸದ್ದಿಗೆ ನಡುಗಿ ಕಿರುಚುವ ಜಾತಿ. ಹದವಾದ ಸುತ್ತು, ಆಲ್ನಿಕೊ (ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಬೆರೆಸಿದ) ಅಯಸ್ಕಾಂತ, ಒಳಗೆ ಮೇಣ ತುಂಬಿದ ಪಿಕಪ್ ಸಾಕು. ಅದಕ್ಕೆ 500 ಕೆ (ಕಿಲೋ ಓಮ್) ಪಾಟ್. ಹಳೆಯದು ಪಿ-90 (ಒಂದೇ ಸುರುಳಿಯ ಒಂದು ಬಗೆ) ಆಗಿದ್ದರೆ ಅದರ ಅಳತೆಯೇ ಬೇರೆ. ಅದೇ ಅಳತೆಯಲ್ಲಿ ಗುಂಯ್ ಅನ್ನದ ಪಿಕಪ್‌ಗಳೂ ಸಿಗುತ್ತವೆ. ಹಂಬಕರ್ ಕೂರಿಸಲು ಹಳೇ ಮರ ಕೊರೆಯುವುದು ಮಾತ್ರ ಪಾಪದ ಕೆಲಸ.

ಕುದುರೆ ಜೋಪಾನ

ತಂಬೂರಿಯವರು ಕುದುರೆ ಅನ್ನುತ್ತಾರಲ್ಲ, ಆ ಬ್ರಿಜ್ ಇಂಥ ಗಿಟಾರ್‌ಗಳಲ್ಲಿ ಸಾಮಾನ್ಯವಾಗಿ ಅಂಟಿಸಿರುವುದಿಲ್ಲ. ತಂತಿಯ ಒತ್ತಡಕ್ಕೇ ನಿಂತಿರುತ್ತದೆ. ತಂತಿ ಬಿಚ್ಚಿದರೆ ಜಾರುತ್ತದೆ, ಶ್ರುತಿಯೂ ಹೋಗುತ್ತದೆ. ಅದರ ನಾಲ್ಕೂ ಮೂಲೆಗೆ ಪೇಂಟರ್ ಟೇಪ್ ಅಂಟಿಸಿ ಗುರುತು ಮಾಡಿ. ಕೆಲಸ ಮುಗಿದ ಕೂಡಲೇ ಟೇಪ್ ತೆಗೆಯಿರಿ. ಹಳೇ ಪಾಲಿಶ್‌ಗೆ ಅದು ಒಳ್ಳೆಯದಲ್ಲ.

ಇನ್ನು ದಾರ

ನನ್ನ ಎರಡು ರಾತ್ರಿ ನುಂಗಿದ್ದು ಇದೇ. ಈ ಗಿಟಾರ್‌ಗೆ ಹಿಂದೆ ಮುಚ್ಚಳ ಇಲ್ಲ. ಪಾಟ್, ಸ್ವಿಚ್, ಜ್ಯಾಕ್ ಎಲ್ಲ ಎಫ್ ತೂತಿನಿಂದಲೇ ಹೊರಬರಬೇಕು, ಅಲ್ಲಿಂದಲೇ ಒಳಹೋಗಬೇಕು. ನಾನು ಸುಮ್ನೆ ನಟ್ ಬಿಚ್ಚಿ ಹೊರಗೆಳೆದೆ. ವಾಪಸ್ ಹಾಕುವಾಗ ವಾಲ್ಯೂಮ್ ಹೋಗಿ ಟೋನ್‌ನ ತೂತಿನಲ್ಲಿ ಕೂತಿತು.

ಹಾಗಾಗಿ ನಟ್ ಬಿಚ್ಚಿದ ತಕ್ಷಣ ಪ್ರತಿ ಪಾಟ್‌ನ ಕಡ್ಡಿಗೆ ಬೇರೆ ಬೇರೆ ಬಣ್ಣದ ದಾರ ಬಿಗಿಯಾಗಿ ಕಟ್ಟಿ, ಆಮೇಲೆ ಒಳಗೆ ತಳ್ಳಿ. ದಾರದ ಹೊರತುದಿಗೆ ಬೆಂಕಿಕಡ್ಡಿ ಕಟ್ಟಿಟ್ಟರೆ ಅದು ಒಳಗೆ ಜಾರುವುದಿಲ್ಲ. ಹೊಸ ಪಾಟ್‌ಗೂ ಅದೇ ದಾರ ಕಟ್ಟಿ ಎಳೆದರೆ ತನ್ನ ತೂತಿಗೇ ಬಂದು ನಿಲ್ಲುತ್ತದೆ. 24 ಎಂಎಂ ಪಾಟ್ ಎಫ್ ತೂತಿನಲ್ಲಿ ತೂರದಿದ್ದರೆ 16 ಎಂಎಂನದು ತನ್ನಿ.

ದಾರಕ್ಕಿಂತ ಚೆಂದದ್ದು ಗೌಂಡಿಗಳ ಲೆವಲ್ ಪೈಪ್. ಪಾಟ್‌ನ ಕಡ್ಡಿಗೆ ಬಿಗಿಯಾಗಿ ಕೂರುವ ಅಳತೆ ನೋಡಿ ತನ್ನಿ. ಅಂಗಡಿಯವರು "ಎಷ್ಟ್ ಮೀಟರ್ ಬೇಕ್ರಿ?" ಅಂದರು. "ಅರ್ಧ ಸಾಕ್ರಿ" ಅಂದಾಗ ಅವರು ನೋಡಿದ ನೋಟ ಇನ್ನೂ ನೆನಪಿದೆ.

ಸೋಲ್ಡರ್

ಬಿಚ್ಚುವ ಮೊದಲು ಫೋಟೋ ತೆಗೆದಿಡಿ. ಗಿಟಾರ್ ಮೇಲೆ ದಪ್ಪ ಬಟ್ಟೆ ಹಾಸಿ. 40 ವಾಟ್ ಐರನ್, ರೋಸಿನ್ ಇರುವ ಸೋಲ್ಡರ್ ತಂತಿ ಇರಲಿ, ಆಸಿಡ್ ಪೇಸ್ಟ್ ಬೇಡವೇ ಬೇಡ. ಟೇಲ್‌ಪೀಸ್‌ಗೆ (ಗಿಟಾರ್ ತಂತಿಗಳ ಬುಡ ಹಿಡಿದಿಡುವ ಲೋಹದ ಭಾಗ) ಹೋಗುವ ಅರ್ಥಿಂಗ್ ವೈರ್ ಮರೆಯಬೇಡಿ. ಮರೆತರೆ ಗುಂಯ್ ವಾಪಸ್ ಬರುತ್ತದೆ.

ಒಳಗೆ ತಳ್ಳುವ ಮೊದಲೇ ಆಂಪ್‌ಗೆ ಹಾಕಿ, ಸ್ಕ್ರೂಡ್ರೈವರ್‌ನಿಂದ ಪಿಕಪ್ ಮೇಲೆ ಮೆಲ್ಲಗೆ ತಟ್ಟಿ. ಟಕ್ ಟಕ್ ಕೇಳಬೇಕು. ಎರಡು ಪಿಕಪ್ ಇರುವ ಗಿಟಾರ್ ಆದರೆ, ತಂತಿ ಕಟ್ಟಿದ ಮೇಲೆ ಎರಡೂ ಒಟ್ಟಿಗೆ ಹಾಕಿದಾಗ ದನಿ ಸೊರಗಿ ಮೂಗಿನಿಂದ ಬಂದಂತಿದ್ದರೆ ಅವುಗಳ ಫೇಸ್ ಉಲ್ಟಾ ಆಗಿದೆ, ಅಂದರೆ ಒಂದರ ದನಿ ಇನ್ನೊಂದರದ್ದನ್ನು ಹೊಡೆದುಹಾಕುತ್ತಿದೆ. ಒಂದು ಪಿಕಪ್‌ನ ಎರಡು ವೈರ್ ಅದಲುಬದಲು ಮಾಡಿ. ಆದರೆ ಲೋಹದ ಮುಚ್ಚಳದ ಅರ್ಥಿಂಗ್ ಬೇರೆಯಾಗಿರುವ ಪಿಕಪ್‌ನಲ್ಲಿ ಮಾತ್ರ ಇದು ಸರಿ. ಈ ರಗಳೆ ತಿಳಿದಿದ್ದರೆ ಕೊಳ್ಳುವಾಗಲೇ ನಾಲ್ಕು ವೈರಿನ ಪಿಕಪ್ ಕೇಳುತ್ತಿದ್ದೆ.

ಕೊನೆಗೆ ಎತ್ತರ. ತಂತಿಯನ್ನು ಕಡೆಯ ಫ್ರೆಟ್‌ನಲ್ಲಿ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಒತ್ತಿ ಹಿಡಿದಾಗ, ಕತ್ತಿನ ಹತ್ತಿರದ ಪಿಕಪ್‌ಗೂ ತಂತಿಗೂ ಸುಮಾರು 2 ಎಂಎಂ ಸಂದು, ದಪ್ಪ ತಂತಿಯ ಕಡೆ ಚೂರು ಜಾಸ್ತಿ. ತಂತಿ ನಿಕಲ್ ಅಥವಾ ಸ್ಟೀಲ್‌ದಿರಲಿ. ಕಂಚಿನ ತಂತಿ ಹಾಕಿದರೆ ಪಿಕಪ್‌ಗೆ ಅರ್ಧ ಕಿವುಡು.

ಹಳೇ ಪಿಕಪ್ ಎಸೆಯಬೇಡಿ. ಗಿಟಾರ್ ಮಾರುವ ದಿನ ಬಂದರೆ ಕೊಳ್ಳುವವರು ಮೊದಲು ಕೇಳುವುದು ಅದನ್ನೇ. ನನ್ನದು ಖಾಲಿ ಕುಂದಾ ಡಬ್ಬಿಯಲ್ಲಿದೆ.