ದರಪಟ್ಟಿ ಓದೋ ಬದಲು ‘ಪೌಂಡ್, ಪೌಂಡ್’ ಅಂತಿದ್ದ ಎನ್‌ವಿಡಿಎ

ಹಾವೇರಿಯ ದಲಾಲಿ ಅಂಗಡಿಯೊಂದರ ಮೆಣಸಿನಕಾಯಿ ದರಪಟ್ಟಿಯ ಸೈಟ್ ನಾನು ನೋಡಿಕೊಳ್ಳತೇನಿ. ಕಣ್ಣು ಕಾಣದ ರೈತರೊಬ್ಬರು ಎನ್‌ವಿಡಿಎ (ಪರದೆಯ ಪಠ್ಯವನ್ನು ಗಟ್ಟಿಯಾಗಿ ಓದುವ ತಂತ್ರಾಂಶ) ಹಾಕಿ ಓದಿಸಿದರೆ ಬರೀ ಇಂಗ್ಲಿಷ್ ಅಕ್ಷರ, ನಡುನಡುವೆ ‘ಪೌಂಡ್’. ಪರದೆ ಮೇಲೆ ಮಾತ್ರ ಶುದ್ಧ ಕನ್ನಡ.

ಧ್ವನಿ ಬದಲಿಸಿದೆ, ಆಗಲಿಲ್ಲ. ಅಂಗವಿಕಲರಿಗೆ ಸೈಟ್ ಸುಲಭ ಮಾಡುತ್ತೇನೆನ್ನುವ ಆ್ಯಕ್ಸೆಸಿಬಿಲಿಟಿ ವಿಜೆಟ್ ರೊಕ್ಕ ಕೊಟ್ಟು ಹಾಕಿದೆ; ಅದು ಅಕ್ಷರ ದೊಡ್ಡದು ಮಾಡಿತು, ಅಷ್ಟೇ. ಸೈಟ್ ಪರೀಕ್ಷಿಸುವ ಗೂಗಲ್‌ನ ಲೈಟ್‌ಹೌಸ್ ನೂರಕ್ಕೆ 96 ಅಂಕ ಕೊಟ್ಟಿತ್ತು. ಅದನ್ನ ನಂಬಿ ಎರಡು ವಾರ ಹಾಳು.

ಕಾರಣ: ಪಠ್ಯವೆಲ್ಲ ಹಳೇ ನುಡಿ ಫಾಂಟಿನ ಆಸ್ಕಿ, ಅಂದರೆ ಒಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕೋಡ್, ಮೇಲೆ ಕನ್ನಡದ ರೂಪ. ಅದರಲ್ಲಿ ‘ನ’ ಅಂದರೆ ಒಳಗೆ ಪೌಂಡ್ ಚಿಹ್ನೆ. ಕಣ್ಣಿಗೆ ಫಾಂಟ್ ಮೋಸ ಮಾಡುತ್ತದೆ, ಕಿವಿಗಲ್ಲ.

ಮಾಡಿದ ಕ್ರಮ ಹೀಗೆ. ಬ್ಯಾಕಪ್ ತೆಗೆದು, ಡೇಟಾಬೇಸನ್ನು ಯೂನಿಕೋಡ್ ಉಳಿಸಬಲ್ಲ ಯುಟಿಎಫ್8ಎಂಬಿ4ಗೆ ಬದಲಿಸಿದೆ. ಆಮೇಲೆ ಕನ್ನಡ ಭಾಗವನ್ನಷ್ಟೇ ಯೂನಿಕೋಡ್‌ಗೆ (ಕನ್ನಡ ಅಕ್ಷರಕ್ಕೆ ತನ್ನದೇ ಕೋಡ್ ಇರುವ ಪದ್ಧತಿ) ಪರಿವರ್ತಿಸಿದೆ. ಇಂಗ್ಲಿಷ್ ಸೇರಿದರೆ ಅದೂ ಕಲಸುಮೇಲೋಗರ ಆಗುತ್ತದೆ. ಅರ್ಕಾವತ್ತು, ಒತ್ತಕ್ಷರ ಕೈಯಾರೆ ನೋಡಲೇಬೇಕು. ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್‌ನಿಂದ ನುಡಿ ತೆಗೆದು ‘ನೋಟೊ ಸಾನ್ಸ್ ಕನ್ನಡ’ ಎಂಬ ಯೂನಿಕೋಡ್ ಫಾಂಟ್ ಹಾಕಿದೆ. ಎಚ್‌ಟಿಎಂಎಲ್ ಟ್ಯಾಗಿನಲ್ಲಿ ಪುಟದ ಭಾಷೆ ಹೇಳುವ ಲ್ಯಾಂಗ್ ‘ಇಎನ್’ (ಇಂಗ್ಲಿಷ್) ಇತ್ತು, ‘ಕೆಎನ್’ (ಕನ್ನಡ) ಮಾಡಿದೆ. ‘ಇಎನ್’ ಕೂಡ ಸರಿಯಾದ ಕೋಡೇ ಆದ್ದರಿಂದ ಲೈಟ್‌ಹೌಸ್ ಸುಮ್ಮನಿತ್ತು.

ಕೊನೆಗೆ ಆ ರೈತರ ಕಂಪ್ಯೂಟರಿನಲ್ಲಿ ಎನ್‌ವಿಡಿಎ+ಕಂಟ್ರೋಲ್+ವಿ ಒತ್ತಿ ಧ್ವನಿ ಸೆಟ್ಟಿಂಗ್ ತೆರೆದೆ; ಸಿಂಥಸೈಸರ್ (ಮಾತಾಡುವ ಎಂಜಿನ್) ಇ-ಸ್ಪೀಕ್ ಎನ್‌ಜಿ, ಭಾಷೆ ತಾನಾಗಿ ಬದಲಾಗುವ ಆಯ್ಕೆಗೆ ಟಿಕ್.

ದರಪಟ್ಟಿಯ ತಲೆಸಾಲನ್ನು ಟಿಎಚ್ (ತಲೆಬರಹದ ಟ್ಯಾಗ್) ಮಾಡಿ, ಅದು ಕೆಳಗಿನ ಇಡೀ ಕಂಬಸಾಲಿನ ತಲೆಬರಹ ಅಂತ ತಿಳಿಸುವ ಸ್ಕೋಪ್ ‘ಕಾಲ್’ ಕೊಟ್ಟೆ. ಈಗ ಕಂಟ್ರೋಲ್+ಆಲ್ಟ್+ಬಾಣದ ಕೀಲಿ ಒತ್ತಿ ಅಡ್ಡ ಸರಿದರೆ ‘ಡಬ್ಬಿ’, ‘ಕಡ್ಡಿ’ ಅಂತ ತಳಿ ಹೇಳಿ ಆಮೇಲೆ ದರ ಓದುತ್ತದೆ.